ದಿನ ಗೊತ್ತಿದ್ದರೆ ಬನ್ನಿ: ಕೃಷ್ಣಾ ದಂಡೆಯ ಒಂದು ಸರ್ಕಾರಿ ದವಾಖಾನೆಯ ವಿಮರ್ಶೆ

ಬಾಗಲಕೋಟೆ ಜಿಲ್ಲೆಯಲ್ಲಿ, ಜಮಖಂಡಿ ಮತ್ತು ಬೀಳಗಿಯ ನಡುವೆ ಕೃಷ್ಣಾ ನದಿಯ ಹಿನ್ನೀರಿಗೆ ಹತ್ತಿಕೊಂಡಿರುವ ಊರೊಂದರ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಮ್ಮ ಮನೆಯವರು ಬಹಳ ವರ್ಷಗಳಿಂದ ಬಳಸುತ್ತಿದ್ದೇವೆ. ತಾಯಿಯ ರಕ್ತದೊತ್ತಡದ ಮಾತ್ರೆ, ಮಗಳ ಬಾಣಂತನ, ಮೊಮ್ಮಕ್ಕಳ ಲಸಿಕೆ, ಹೊಲದಲ್ಲಿ ಆಳುಗಳಿಗೆ ಆಗುವ ಗಾಯ, ನಾಯಿ ಕಡಿತ, ಎಲ್ಲಕ್ಕೂ ಮೊದಲು ಹೋಗುವುದು ಅಲ್ಲಿಗೇ. ಕೇಂದ್ರದ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಮುಂದೆ ಹೇಳುವ ಕೊರತೆಗಳಲ್ಲಿ ಬಹುಪಾಲು ಆ ಕಟ್ಟಡದೊಳಗೆ ಹುಟ್ಟಿದವಲ್ಲ, ಹೆಸರು ಬರೆದರೆ ಅದರ ಪೆಟ್ಟು ಬೀಳುವುದು ಅಲ್ಲಿ ದುಡಿಯುವ ಒಬ್ಬಿಬ್ಬರು ಸಿಸ್ಟರ್‌ಗಳಿಗೆ. ಮೂರೂ ಜಿಲ್ಲೆಗಳ, ಅಂದರೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರದ ಹಳ್ಳಿಗಳಲ್ಲಿ ಇರುವವರಿಗೆ ತಮ್ಮ ಊರಿನ ಕೇಂದ್ರದ ಗುರುತು ಇದರಲ್ಲಿ ಸಿಕ್ಕೇ ಸಿಗುತ್ತದೆ. ತೀರ್ಪನ್ನು ಮೊದಲೇ ಕೇಳುವವರಿಗೆ ಇಷ್ಟು ಹೇಳಬಹುದು: ಬರುವ ದಿನ ಮುಂಚೆಯೇ ಗೊತ್ತಿರುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸೇವೆ ದುಡ್ಡು ಕೊಟ್ಟರೂ ನಮ್ಮ ಭಾಗದಲ್ಲಿ ಸಿಗುವುದಿಲ್ಲ; ಹೇಳದೆ ಕೇಳದೆ ಬರುವ ಕಾಯಿಲೆಗೆ, ಅದರಲ್ಲೂ ಹೊತ್ತು ಮುಳುಗಿದ ಮೇಲೆ, ಇದನ್ನು ನಂಬಿ ಸಮಯ ಕಳೆಯಬಾರದು.

ಮೊದಲಿಗೆ ಜಾಗದ ವಿಚಾರ. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕಳೆದುಕೊಂಡ ಊರುಗಳು ಪುನರ್ವಸತಿ ಕೇಂದ್ರಗಳಿಗೆ ಬಂದಾಗ ದವಾಖಾನೆಯೂ ಅವುಗಳ ಹಿಂದೆ ಬಂದಿತು. ಕಟ್ಟಡ ವಿಶಾಲವಾಗಿದೆ, ಗಾಳಿ ಬೆಳಕು ಚೆನ್ನಾಗಿದೆ, ಅಂಗಳದಲ್ಲಿ ಬೇವಿನ ಮರಗಳಿವೆ, ಕುಡಿಯುವ ನೀರಿದೆ, ಶೌಚಾಲಯಕ್ಕೆ ಬೀಗವಿಲ್ಲ. ಆದರೆ ಹಳೆಯ ಊರಿನಲ್ಲೇ ಉಳಿದವರಿಗೂ ತೋಟದ ಮನೆಗಳಲ್ಲಿ ಇರುವವರಿಗೂ ಅದು ದೂರವಾಯಿತು. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ, 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಗುಡ್ಡಗಾಡಿಗೆ ಮತ್ತು ಬುಡಕಟ್ಟು ಪ್ರದೇಶಗಳಿಗೆ ಇದರಲ್ಲಿ ರಿಯಾಯಿತಿ ಇದೆ, ಅಲ್ಲಿ 20,000 ಜನಕ್ಕೇ ಒಂದು ಕೇಂದ್ರ ಸಿಗುತ್ತದೆ. ನಮ್ಮದು ನಕಾಶೆಯಲ್ಲಿ ಬಯಲು. ಮಳೆಗಾಲದಲ್ಲಿ ಎರಿ ಹೊಲದ ದಾರಿಯಲ್ಲಿ ಬೈಕಿನ ಗಾಲಿ ತಿರುಗುವುದಿಲ್ಲ, ಹೊಳೆ ಬಂದರೆ ಸೇತುವೆ ಮುಳುಗುತ್ತದೆ, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದಾಗ ಎಷ್ಟೋ ಊರುಗಳು ದ್ವೀಪಗಳಾದವು, ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್‌ಗಳು ಕಾರ್ಖಾನೆಯ ದಾರಿಯನ್ನು ಗಂಟೆಗಟ್ಟಲೆ ಹಿಡಿದು ನಿಲ್ಲುತ್ತವೆ. ತಲೆ ಎಣಿಸುವ ಲೆಕ್ಕದಲ್ಲಿ ಇವು ಯಾವುವೂ ಬರುವುದಿಲ್ಲ. 2011ರ ಜನಗಣತಿಯಂತೆ ಬಾಗಲಕೋಟೆ ಜಿಲ್ಲೆಯ ಸುಮಾರು 18.9 ಲಕ್ಷ ಜನರಲ್ಲಿ ಮೂರನೆಯ ಎರಡು ಭಾಗ ಹಳ್ಳಿಗಳಲ್ಲೇ ಇದ್ದರು ಎಂಬುದನ್ನು ನೆನೆದರೆ, ದವಾಖಾನೆ ಎಷ್ಟು ಜನಕ್ಕೆ ಎಂಬ ಪ್ರಶ್ನೆಯಷ್ಟೇ ಎಷ್ಟು ಹೊತ್ತಿನ ದಾರಿಗೆ ಎಂಬ ಪ್ರಶ್ನೆಯೂ ಮುಖ್ಯವೆಂದು ತೋರುತ್ತದೆ.

ಈ ಕೇಂದ್ರದ ಅತ್ಯುತ್ತಮ ರೂಪವನ್ನು ನೋಡಬೇಕೆಂದರೆ ಗುರುವಾರ ಹೋಗಬೇಕು. ಅಂದು ಲಸಿಕೆಯ ದಿನ. ಬೆಳಿಗ್ಗೆಯೇ ಎರಡರಿಂದ ಎಂಟು ಡಿಗ್ರಿಯಲ್ಲಿ ಇಟ್ಟ ಶೀತಕದಿಂದ ಲಸಿಕೆಯ ಬಾಟಲಿಗಳನ್ನು ಎಣಿಸಿ ತೆಗೆದು, ಮಂಜಿನ ಪ್ಯಾಕ್ ಇಟ್ಟ ನೀಲಿ ಡಬ್ಬಿಗಳಿಗೆ ತುಂಬಿ ಉಪಕೇಂದ್ರಗಳಿಗೂ ಅಂಗನವಾಡಿಗಳಿಗೂ ಕಳುಹಿಸುತ್ತಾರೆ. ಆರು, ಹತ್ತು, ಹದಿನಾಲ್ಕನೆಯ ವಾರದ ಪೆಂಟಾವೇಲೆಂಟ್ ಎಂಬ ಐದು ರೋಗಗಳ ಲಸಿಕೆ, ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ, ಯಾವ ಮನೆಯ ಯಾವ ಕೂಸಿಗೆ ಯಾವುದು ಬಾಕಿ ಎಂಬುದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಮಾತ್ರವಲ್ಲ, ಆಕೆಯ ಬಾಯಲ್ಲೇ ಇರುತ್ತದೆ. ಬುಧವಾರ ಸಂಜೆ ಬಾಗಿಲಿಗೆ ಬಂದು, "ಅವ್ವಾರ, ನಾಳೆ ಕೂಸಿನ ಸೂಜಿ ಐತ್ರಿ, ಹೊಲಕ್ಕ ಹೋಗಿ ತಪ್ಪಸಬ್ಯಾಡ್ರಿ" ಎಂದು ಹೇಳಿ ಹೋಗುತ್ತಾಳೆ. ಜ್ವರ ಬಂದೀತೆಂದು ಹಿಂಜರಿಯುವ ಅಜ್ಜಿಯರ ಜೊತೆ ಕುಳಿತು ವಾದಿಸುತ್ತಾಳೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸಾವಿರ ಜನಕ್ಕೊಬ್ಬಳಂತೆ ಊರಿನ ಹೆಣ್ಣುಮಗಳನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಮಾಡಿದ ನಿರ್ಧಾರ ಎಷ್ಟು ಸರಿಯಾಗಿತ್ತು ಎಂಬುದು ಆ ಮಾತುಕತೆ ಕೇಳಿದರೆ ತಿಳಿಯುತ್ತದೆ. ಇಷ್ಟು ಮಾಡುವವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ಈ ಸೇವೆಗೆ ಅಂಕ ಕೊಡುವಾಗ ಆ ವಿಷಯ ನನ್ನನ್ನು ಸಂಕೋಚಕ್ಕೆ ದೂಡುತ್ತದೆ.

ಗರ್ಭಿಣಿಯರ ತಪಾಸಣೆಯೂ ಹೀಗೆಯೇ ಅಚ್ಚುಕಟ್ಟು. ಪ್ರತಿ ತಿಂಗಳ 9ನೆಯ ತಾರೀಕು ವೈದ್ಯರು ಕುಳಿತು ನೋಡಲೇಬೇಕೆಂಬ ನಿಯಮ 2016ರಲ್ಲಿ ಬಂದಿತು, ಇಲ್ಲಿ ಅದನ್ನು ನಿಷ್ಠೆಯಿಂದ ಪಾಲಿಸುತ್ತಾರೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರದಲ್ಲಿ ಸಕ್ಕರೆ ಮತ್ತು ಪ್ರೋಟೀನ್, ಎಚ್‌ಐವಿ ಪರೀಕ್ಷೆ, ಎಲ್ಲವೂ ಒಂದೇ ದಿನ ಆಗುತ್ತವೆ. ರಕ್ತ ಕಡಿಮೆ ಇದ್ದವರ ಕಾರ್ಡಿಗೆ ಗುರುತು ಹಾಕಿ, ಮಾತ್ರೆಯಿಂದ ಏರದಿದ್ದರೆ ಕಬ್ಬಿಣದ ಅಂಶದ ಇಂಜೆಕ್ಷನ್ ಕೊಡುತ್ತಾರೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಜನರಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆಯಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಆರೋಗ್ಯ ಸೇವೆಯ ಸ್ವಭಾವವೇ ಕಾಣುತ್ತದೆ. ಹೆರಿಗೆಗೆ ಒಂದು ದಿನವಿದೆ, ಒಂದು ವಾಹನವಿದೆ, ಒಂದು ಹಾಸಿಗೆಯಿದೆ, ಅದನ್ನು ವ್ಯವಸ್ಥೆ ಗೆದ್ದಿದೆ. ರಕ್ತಹೀನತೆ ದಿನವೂ ತಟ್ಟೆಯಲ್ಲಿ ನಡೆಯುವ ಸಂಗತಿ, ಅದಕ್ಕೆ ತಿಂಗಳಿಗೊಂದು ತಾರೀಕು ಸಾಲದು. ಮಾತ್ರೆಯ ಮೇಲೆ ಚಹಾ ಕುಡಿಯಬಾರದು ಎಂಬುದನ್ನು ಸಿಸ್ಟರ್ ಪ್ರತಿ ಸಲವೂ ಹೇಳುತ್ತಾರೆ, ಮನೆಗೆ ಬಂದ ಕೂಡಲೇ ಚಹಾ ಬರುತ್ತದೆ.

ನನ್ನ ಮಗಳನ್ನು ಕೊಟ್ಟಿರುವುದು ಮಹಾರಾಷ್ಟ್ರದ ಜತ್ತ ತಾಲೂಕಿಗೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಎರಡೂ ಕಡೆಯ ರೂಢಿ, ಆದ್ದರಿಂದ ಏಳನೆಯ ತಿಂಗಳಿನಲ್ಲಿ ಬಂದಳು. ಅವಳ ಕೈಯಲ್ಲಿದ್ದ ಕಾರ್ಡು ಮರಾಠಿಯಲ್ಲಿತ್ತು, ಅಲ್ಲಿನ ದಾಖಲೆ ಇಲ್ಲಿನ ಗಣಕಯಂತ್ರದಲ್ಲಿ ಸುಲಭವಾಗಿ ತೆರೆಯಲಿಲ್ಲ. ಉಪಕೇಂದ್ರದ ಸಿಸ್ಟರ್ ಬೇಸರಿಸದೆ ಕುಳಿತು, ಹಿಂದಿನ ಪರೀಕ್ಷೆಗಳನ್ನೆಲ್ಲ ನಮ್ಮ ತಾಯಿ ಕಾರ್ಡಿಗೆ ಕೈಯಿಂದ ಇಳಿಸಿಕೊಂಡರು, ಟಿಟಿ ಚುಚ್ಚುಮದ್ದು ಎರಡನೆಯದೋ ಮೊದಲನೆಯದೋ ಎಂದು ಜತ್ತದ ಕಡೆಯ ಸಿಸ್ಟರ್‌ಗೆ ತಾವೇ ಫೋನ್ ಮಾಡಿ ಕೇಳಿದರು. ಗಡಿಯ ಎರಡೂ ಬದಿಗೆ ಹೆಣ್ಣು ಕೊಟ್ಟು ತರುವ ಅಥಣಿ, ಚಡಚಣ, ಇಂಡಿ, ಜಮಖಂಡಿಯ ಕಡೆ ಇದು ಮನೆಮನೆಯ ಕತೆ. ಹೆರಿಗೆ ತಾಲೂಕು ಆಸ್ಪತ್ರೆಯಲ್ಲಿ ಆಯಿತು, ಖರ್ಚು ಬರಲಿಲ್ಲ. 2011ರ ಜೂನ್‌ನಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದರೂ ಔಷಧ, ರಕ್ತ, ಪರೀಕ್ಷೆ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ನಗು-ಮಗು ಎಂದು ಬರೆದ ಆ ವಾಹನವನ್ನು ಕೇಳಿ ಪಡೆಯಬೇಕು, ತಾನಾಗಿ ಯಾರೂ ಹೇಳುವುದಿಲ್ಲ.

ಹಳ್ಳಿಯ ಸಿಸ್ಟರ್‌ಗಳ ಕೈಗೆ ಸರಿಯಾದ ಔಷಧ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳ ಮೇಲೆ ನಡೆದ ಅಧ್ಯಯನದಲ್ಲಿ ಮೈಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಹೆರಿಗೆಯಾದ ತಕ್ಷಣ ಹಳ್ಳಿಯ ಸಿಸ್ಟರ್‌ಗಳಾದ ಎಎನ್‌ಎಂಗಳೇ ಕೊಟ್ಟರು. ವಿಪರೀತ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಫ್ರಿಜ್ ಬೇಡ, ಸಿರಿಂಜ್ ಬೇಡ, ಬಾಯಲ್ಲಿ ನುಂಗುವ ಮಾತ್ರೆ. 2006ರಲ್ಲಿ ಅದರ ಫಲಿತಾಂಶ ಪ್ರಕಟವಾದ ಮೇಲೆ ಜಗತ್ತಿನ ಬೇರೆ ಬೇರೆ ಬಡ ದೇಶಗಳಲ್ಲಿ ತಾಯಂದಿರ ಆರೈಕೆಯ ಚರ್ಚೆಯಲ್ಲಿ ನಮ್ಮ ಬೆಳಗಾವಿಯ ಹೆಸರು ಬಂದಿತು. ಇದನ್ನು ಇಲ್ಲಿ ಹೇಳುವ ಕಾರಣ ಹೆಮ್ಮೆಯೊಂದೇ ಅಲ್ಲ. ರಾತ್ರಿಯ ಹೊತ್ತು ಈ ಕೇಂದ್ರದಲ್ಲಿ ಏಕೆ ಕೆಲಸ ನಿಲ್ಲುತ್ತದೆ ಎಂಬ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಬಿಪಿ, ಶುಗರ್ ಇದ್ದವರಿಗೆ ಸಿಗುವ ಸೇವೆ ಮಧ್ಯಮ. ಮೂವತ್ತು ವಯಸ್ಸು ದಾಟಿದ ಎಲ್ಲರನ್ನೂ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಾಗಿ ತಪಾಸಿಸಬೇಕೆಂಬ ಕಾರ್ಯಕ್ರಮವಿದೆ. ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು ಬದಲಾದ ಉಪಕೇಂದ್ರದಲ್ಲಿ ಈಗ ನರ್ಸಿಂಗ್ ಪದವಿ ಪಡೆದ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ, ಮನೆಯ ಹತ್ತಿರವೇ ಬಿಪಿ ನೋಡುತ್ತಾರೆ, ಇ-ಸಂಜೀವಿನಿಯ ಮೂಲಕ ದೂರದ ವೈದ್ಯರನ್ನು ಪರದೆಯ ಮೇಲೆ ತೋರಿಸುತ್ತಾರೆ. ನನ್ನ ತಾಯಿಗೆ ಆ ಪರದೆಯ ವೈದ್ಯರಲ್ಲಿ ನಂಬಿಕೆ ಇಲ್ಲ, ಕೈಹಿಡಿದು ನಾಡಿ ನೋಡದವರು ಎಂಥ ಡಾಕ್ಟರು ಎಂಬುದು ಅವರ ವಾದ. ಆದರೂ ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ಒಂದು ತಿಂಗಳಿಗೆ ಆಗುವಷ್ಟು ಒಟ್ಟಿಗೆ ಸಿಗುತ್ತವೆ, ಅದಕ್ಕೆ ಕಾಸು ಕೊಡಬೇಕಿಲ್ಲ. ತೊಂದರೆ ಎರಡು. ಒಂದು, ಕೆಲವು ತಿಂಗಳು ಒಂದು ಔಷಧ ಬಂದಿರುವುದಿಲ್ಲ. ಆಗ ಫಾರ್ಮಸಿಸ್ಟ್ ಅದೇ ಗುಂಪಿನ ಬೇರೊಂದು ಮಾತ್ರೆ ಕೊಡುತ್ತಾರೆ, ಬಣ್ಣ ಬದಲಾದ ಮಾತ್ರೆಯನ್ನು ಕಂಡ ಹಿರಿಯರು ಹಳೆಯದನ್ನೂ ಹೊಸದನ್ನೂ ಸೇರಿಸಿ ನುಂಗುತ್ತಾರೆ. ಮಾತ್ರೆ ಬದಲಾದಾಗ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಡುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ಎರಡನೆಯದು, ಹೊರರೋಗಿ ವಿಭಾಗದ ಸಮಯ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯವರೆಗೆ. ದಿನಗೂಲಿಗೆ ಹೋಗುವ ಗಂಡಸರು ಆ ಹೊತ್ತಿನಲ್ಲಿ ಬರಲು ಒಂದು ದಿನದ ಕೂಲಿ ಬಿಡಬೇಕು. ಅಲ್ಲಿನ ಸಾಲಿನಲ್ಲಿ ಹೆಂಗಸರು, ಮುದುಕರು ಕಾಣುತ್ತಾರೆ, ನಲವತ್ತರ ಗಂಡಸರು ಕಾಣುವುದೇ ಇಲ್ಲ. ಅವರು ಮೊದಲ ಸಲ ವೈದ್ಯರ ಕಣ್ಣಿಗೆ ಬೀಳುವುದು ಲಕ್ವ ಹೊಡೆದ ಮೇಲೆ. ಸಂತೆಯ ದಿನವಾದರೂ ಸಂಜೆ ಏಳರವರೆಗೆ ಕೇಂದ್ರ ತೆರೆದಿದ್ದರೆ ಈ ಚಿತ್ರ ಬದಲಾಗುತ್ತಿತ್ತು ಎಂದು ನನ್ನ ಅಂದಾಜು.

ಪ್ರಯೋಗಾಲಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕಫ ಪರೀಕ್ಷೆ, ಮಲೇರಿಯಾ, ಸಕ್ಕರೆ ಇವಕ್ಕೆ ಸಾಕು. ಕ್ಷಯ ರೋಗಿಗಳನ್ನು ಮನೆಯವರೆಗೆ ಹೋಗಿ ಹಿಂಬಾಲಿಸುತ್ತಾರೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಇದ್ದ ಸಹಾಯಧನ 2024ರ ನವೆಂಬರ್‌ನಿಂದ 1,000 ಆಗಿದೆ. ನಾಯಿ ಕಡಿತದ ಲಸಿಕೆಯೂ ಉಚಿತ. ಕಡಿದ ದಿನ, ಮೂರು, ಏಳು ಮತ್ತು ಇಪ್ಪತ್ತೆಂಟನೆಯ ದಿನ ತಪ್ಪದೆ ಹೋಗಬೇಕು, ಅದಕ್ಕೂ ಮೊದಲು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಒಂದು ಕೊರತೆ ಮಾತ್ರ ಹೇಳಲೇಬೇಕು. ಹುನಗುಂದ, ಇಳಕಲ್ಲಿನಿಂದ ಹಿಡಿದು ವಿಜಯಪುರದ ಕಡೆಯವರೆಗೆ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಬೆನ್ನು ಬಾಗುತ್ತದೆ. ಸೊಂಟನೋವು ಎಂದು ಬಂದವರಿಗೆ ಇಲ್ಲಿ ನೋವಿನ ಮಾತ್ರೆ ಸಿಗುತ್ತದೆ. ನೀವು ಯಾವ ಬೋರಿನ ನೀರು ಕುಡಿಯುತ್ತೀರಿ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಕೇಳಿದರೆ ಆ ನೀರಿನ ಮಾದರಿ ಪಂಚಾಯಿತಿಗೆ ಹೋಗಬೇಕು, ಪಂಚಾಯಿತಿ ಉತ್ತರಿಸಬೇಕು, ಬಹುಶಃ ಅದಕ್ಕೇ ಯಾರೂ ಕೇಳುವುದಿಲ್ಲ.

ಈಗ ರಾತ್ರಿಯ ಮಾತು. ನಮ್ಮ ಕಡೆ ಪಂಪಿಗೆ ತ್ರೀಫೇಸ್ ವಿದ್ಯುತ್ ಎಷ್ಟೋ ವಾರ ರಾತ್ರಿಯ ಪಾಳಿಯಲ್ಲಿ ಬರುತ್ತದೆ. ರೈತ ಬ್ಯಾಟರಿ ಹಿಡಿದು ಕಬ್ಬಿನ ಸಾಲಿನಲ್ಲಿ ನೀರು ತಿರುಗಿಸಲು ಹೋಗುವುದು ಹಾವುಗಳು ಇಲಿ ಬೇಟೆಗೆ ಹೊರಡುವ ಹೊತ್ತಿಗೇ. ಆದ್ದರಿಂದ ಹಾವು ಕಡಿತ ನಮ್ಮಲ್ಲಿ ಬಹುಪಾಲು ಸಂಜೆಯ ಮೇಲಿನ ಕಾಯಿಲೆ, ದವಾಖಾನೆ ಬೆಳಗಿನದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ಅದು ಒಳ್ಳೆಯದೇ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಸಾಕು, ಪುಡಿಯ ರೂಪದಲ್ಲಿ ಬರುವ ಸೀಸೆಗೆ ಫ್ರಿಜ್ ಕೂಡ ಕಡ್ಡಾಯವಲ್ಲ. ಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ಒಣಗಿದ ಸ್ವಚ್ಛ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ವಾಲಿಸಿ ನೋಡಿದರೆ ಆಯಿತು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದೇ ಅರ್ಥ. ಆರಂಭಕ್ಕೇ ಎಂಟರಿಂದ ಹತ್ತು ಸೀಸೆ ಹಾಕಬೇಕು. ಇದರಲ್ಲಿ ಯಾವುದಕ್ಕೂ ದೊಡ್ಡ ಆಸ್ಪತ್ರೆ ಬೇಕಿಲ್ಲ.

ನೆರೆಯ ಹೊಲದ ಆಳೊಬ್ಬನಿಗೆ ಹೀಗೆ ನೀರು ಹಾಯಿಸುವಾಗ ಕಾಲಿಗೆ ಮಂಡಲ ಕಡಿದಾಗ ನಾವು ಅವನನ್ನು ಮೊದಲು ಈ ಕೇಂದ್ರಕ್ಕೇ ಕರೆದೊಯ್ದೆವು. ಪಾಳಿಯಲ್ಲಿದ್ದ ಸಿಸ್ಟರ್ ಗೇಟು ತೆರೆದರು, ಕಟ್ಟಿದ್ದ ಹಗ್ಗವನ್ನು ಬಿಚ್ಚಿಸಿದರು, ಕಾಲನ್ನು ಅಲುಗಿಸಬೇಡಿ ಎಂದರು, ಸಲೈನ್ ಹಚ್ಚಿದರು. ಪ್ರತಿವಿಷದ ಸೀಸೆಗಳು ಕಪಾಟಿನಲ್ಲಿದ್ದವು. ವೈದ್ಯರು ಊರಿನಲ್ಲಿ ಇರಲಿಲ್ಲ, ವಸತಿಗೃಹ ಬಹಳ ದಿನಗಳಿಂದ ಖಾಲಿಯೇ ಇದೆ. ಫೋನಿನಲ್ಲಿ ಸಿಕ್ಕಾಗ ತಾಲೂಕಿಗೆ ಕಳಿಸಿ ಎಂದರು. ಸಿಸ್ಟರ್ ಕಪಾಟಿನ ಕಡೆ ಒಮ್ಮೆ, ನಮ್ಮ ಕಡೆ ಒಮ್ಮೆ ನೋಡಿ, "ನಾ ಹಾಕಿ ರಿಯಾಕ್ಷನ್ ಆದ್ರ ಯಾರ ಹೊಣಿ ಹೊರತಾರ್ರಿ ಅಣ್ಣಾರ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾಗುವುದರಿಂದ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ, ಅದಕ್ಕೆ ಅಡ್ರಿನಲಿನ್ ತಕ್ಷಣ ಕೊಡಬೇಕು ಎಂಬುದು ಅವರಿಗೂ ಗೊತ್ತು. ಔಷಧ ಇತ್ತು, ಕೈ ಇತ್ತು, ತಿಳಿವಳಿಕೆ ಇತ್ತು. ಬೆನ್ನಿಗೆ ನಿಲ್ಲುವ ಲಿಖಿತ ಆದೇಶ ಇರಲಿಲ್ಲ. ಬೆಳಗಾವಿಯ ಹಳ್ಳಿಗಳಲ್ಲಿ ಎಎನ್‌ಎಂಗಳು ಆ ಮಾತ್ರೆಯನ್ನು ಧೈರ್ಯವಾಗಿ ಕೊಟ್ಟದ್ದು ಅವರಿಗೆ ತರಬೇತಿಯೂ ಒಪ್ಪಿಗೆಯೂ ಒಟ್ಟಿಗೆ ಸಿಕ್ಕಿದ್ದರಿಂದ. ಆಳು ತಾಲೂಕು ಆಸ್ಪತ್ರೆಯಲ್ಲಿ ಉಳಿದುಕೊಂಡ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಕೆಲವು ಸಲ ಡಯಾಲಿಸಿಸ್ ಆಗಬೇಕಾಯಿತು. ಬೇಗ ಹಾಕಿದ್ದರೆ ಅದು ತಪ್ಪುತ್ತಿತ್ತೇ ಎಂದು ಖಚಿತವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ, ಆದರೆ ಮಂಡಲದ ವಿಷದಲ್ಲಿ ಪ್ರತಿ ಗಂಟೆಗೂ ಬೆಲೆ ಇದೆ ಎಂಬುದರಲ್ಲಿ ಎರಡು ಮಾತಿಲ್ಲ.

ಎದೆನೋವಿನ ವಿಷಯದಲ್ಲಿ ನನ್ನ ಸಲಹೆ ಇನ್ನೂ ನೇರ: ಇಲ್ಲಿಗೆ ಬರಬೇಡಿ. ನಮ್ಮವರು ಎದೆ ಹಿಡಿದರೆ ಗ್ಯಾಸ್ ಎಂದು ಸೋಡಾ ಕುಡಿದು, ಆಮೇಲೆ ಊರಿನ ಆರ್‌ಎಂಪಿ ಡಾಕ್ಟರ ಬಳಿ ಸೂಜಿ ಮಾಡಿಸಿಕೊಂಡು, ಕೊನೆಗೆ ಬೆವರು ಕಿತ್ತುಬಂದ ಮೇಲೆ ವಾಹನ ಹುಡುಕುತ್ತಾರೆ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆಯ್ದ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ಹೃದಯ ತಜ್ಞರಿಗೆ ಕಳುಹಿಸಿ, ರಕ್ತನಾಳದ ಹೆಪ್ಪನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಇದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಲೇಸು. ಎದೆನೋವಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುತ್ತಿ ಹೋಗುವ ಅರ್ಧ ಗಂಟೆ ಹೃದಯದ ಸ್ನಾಯುವಿನ ಅರ್ಧ ಗಂಟೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ 108 ಆಂಬುಲೆನ್ಸ್ ಬಂದ ಮೇಲೆ ಹೆರಿಗೆಗೂ ಅಪಘಾತಕ್ಕೂ ಎಷ್ಟು ಜೀವ ಉಳಿದಿವೆ ಎಂಬುದನ್ನು ನಮ್ಮ ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ವಾಹನ ಒಂದೇ, ಅದು ಬೇರೆ ಕರೆಯ ಮೇಲೆ ಹೋಗಿದ್ದರೆ ಮುಂದಿನದು ದೂರದ ಊರಿನಿಂದ ಬರಬೇಕು, ನಡುವೆ ಕಬ್ಬಿನ ಟ್ರ್ಯಾಕ್ಟರ್ ಸಾಲು ಇದ್ದೇ ಇರುತ್ತದೆ. ಕರೆ ಮಾಡಿದವರು ವಾಹನ ಈಗ ಎಲ್ಲಿದೆ ಎಂದು ಮೊದಲು ಕೇಳಿ, ದೂರವಿದ್ದರೆ ಊರಿನ ಕಾರೋ ಟಂಟಮ್ಮೋ ಹಿಡಿದು ಎದುರು ಹೊರಡುವುದು ಜಾಣತನ.

ಮುಂದಿನ ಆಸ್ಪತ್ರೆಗೆ ಕಳುಹಿಸುವ ಚೀಟಿಯೇ ಈ ಕೇಂದ್ರದ ಅತಿ ದುರ್ಬಲ ಉತ್ಪನ್ನ. "ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ" ಎಂಬ ಒಂದು ಸಾಲು, ಒಂದು ಸಹಿ, ಒಂದು ಮುದ್ರೆ. ಎಷ್ಟು ಗಂಟೆಗೆ ಬಂದರು, ಬಿಪಿ ಎಷ್ಟಿತ್ತು, ಯಾವ ಔಷಧ ಯಾವಾಗ ಕೊಟ್ಟೆವು ಎಂಬುದು ಇರುವುದಿಲ್ಲ. ಜಿಲ್ಲಾ ಕೇಂದ್ರದಲ್ಲೂ ಹಾಸಿಗೆ ಸಿಗದೆ ಹುಬ್ಬಳ್ಳಿಯವರೆಗೆ ಹೋಗುವ ರೋಗಿಯನ್ನು ಪ್ರತಿ ನಿಲ್ದಾಣದಲ್ಲೂ ಮೊದಲಿನಿಂದ ವಿಚಾರಿಸುತ್ತಾರೆ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರಿಂದ ನಮ್ಮೆಲ್ಲರ ಕೊನೆಯ ಬಾಗಿಲು. ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದ ಮೇಲೆ ಗೋಕಾಕ, ಬೈಲಹೊಂಗಲದವರಿಗೆ ದೂರ ಕಡಿಮೆಯಾಯಿತು. ಅಥಣಿ, ರಾಯಬಾಗದ ಜನ ಇಂದಿಗೂ ಮಿರಜ್ ಕಡೆಗೆ, ಇಂಡಿ, ಚಡಚಣದವರು ಸೊಲ್ಲಾಪುರದ ಕಡೆಗೆ ತಿರುಗುತ್ತಾರೆ, ಅಲ್ಲಿ ದಾರಿ ಹತ್ತಿರ, ಪರಿಚಯ ಹಳೆಯದು.

ಈ ಚೀಟಿಗೆ ಹಣದ ಬೆಲೆಯೂ ಇದೆ. 2018ರ ಮಾರ್ಚ್‌ನಲ್ಲಿ ಆರಂಭವಾಗಿ ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಸೇರಿದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ತುರ್ತು ಚಿಕಿತ್ಸೆಗೆ ಬೇಡ. ಈ ಕೊನೆಯ ಮಾತನ್ನು ತಿಳಿಯದೆ, ಸುಸ್ತಾದ ರೋಗಿಯನ್ನು ಹೊರಗೆ ಕೂಡಿಸಿ ಚೀಟಿಗಾಗಿ ಸಾಲು ಹಚ್ಚಿದವರನ್ನು ನೋಡಿದ್ದೇನೆ. ಕೇಂದ್ರದ ಗೋಡೆಯ ಮೇಲೆ ಯೋಜನೆಯ ದೊಡ್ಡ ಚಿತ್ರವಿದೆ, ಅದರಲ್ಲಿ ಈ ಒಂದು ವಾಕ್ಯವಿಲ್ಲ. ಗಡಿ ದಾಟಿ ಚಿಕಿತ್ಸೆಗೆ ಹೋಗುವವರು ಹೊರಡುವ ಮುನ್ನ ಆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರಿಗೆ ಫೋನ್ ಮಾಡಿ ತಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಹೋಲಿಸಿ ನೋಡುವವರಿಗೆ ಖಾಸಗಿಯ ಮಾತು ಸ್ವಲ್ಪ. ಸಂತೆ ಊರಿನ ಕ್ಲಿನಿಕ್ಕುಗಳು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತವೆ, ಅದೇ ಅವುಗಳ ನಿಜವಾದ ಬಂಡವಾಳ. ಒಂದು ಸೂಜಿ, ಒಂದು ಸಲೈನ್, ಮೂರು ದಿನದ ಮಾತ್ರೆ ಎಂಬ ಪೊಟ್ಟಣಕ್ಕೆ ಜನ ಹಣ ಕೊಡುತ್ತಾರೆ, ಏಕೆಂದರೆ ಮಾರನೆಯ ದಿನ ಕೂಲಿಗೆ ಹೋಗಬೇಕು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಿರಬೇಕು. ಒಳಗೆ ಹೋದ ಕೂಡಲೇ ಗೋಡೆ ನೋಡಿ, ಎರಡೂ ಇಲ್ಲದಿದ್ದರೆ ಸೂಜಿಗೆ ಕೈ ಚಾಚಬೇಡಿ.

ಸರ್ಕಾರಿ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಊರಿನವರೂ ಹೋಗಬಹುದು, ಹೆಚ್ಚಿನವರು ಹೋಗುವುದಿಲ್ಲ. ನಾವು ಕೆಲವರು ಸೇರಿ ಬರೆದುಕೊಟ್ಟ ಅರ್ಜಿಯಲ್ಲಿ ದೊಡ್ಡ ಬೇಡಿಕೆ ಯಾವುದೂ ಇಲ್ಲ. ಹಾವಿನ ಪ್ರತಿವಿಷ ಎಷ್ಟು ಸೀಸೆ ಇದೆ ಎಂಬುದನ್ನು ದಿನವೂ ಗೇಟಿನ ಹೊರಗಿನ ಫಲಕದಲ್ಲಿ ಬರೆಯಬೇಕು. ಅಂದಿನ ರಾತ್ರಿ ಫೋನಿನಲ್ಲಿ ಸಿಗುವ ವೈದ್ಯರ ಸಂಖ್ಯೆ ಅದರ ಕೆಳಗಿರಬೇಕು. ವೈದ್ಯರು ಇಲ್ಲದಾಗ ಮೊದಲ ಸೀಸೆಗಳನ್ನು ಸಿಸ್ಟರ್ ಆರಂಭಿಸಬಹುದು ಎಂಬ ಆದೇಶವನ್ನು ತಾಲೂಕು ಆರೋಗ್ಯ ಅಧಿಕಾರಿಗಳಿಂದ ಬರಹದಲ್ಲಿ ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಬೇಕು. ಮೊದಲನೆಯದನ್ನು ಒಪ್ಪಿಕೊಂಡು ಫಲಕ ಹಾಕಿದ್ದಾರೆ, ಸಿಸ್ಟರ್ ಅದನ್ನು ಬೆಳಿಗ್ಗೆ ತಪ್ಪದೆ ತಿದ್ದುತ್ತಾರೆ. ಎರಡನೆಯದು ಬರುತ್ತದೆ ಎಂದಿದ್ದಾರೆ. ಮೂರನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ, ಆದ್ದರಿಂದ ರಾತ್ರಿ ನೀರು ಹಾಯಿಸುವವರಿಗೆ ನನ್ನ ಸಲಹೆ ಸದ್ಯಕ್ಕೆ ಹೀಗಿದೆ: ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ಹಾಕಿಕೊಳ್ಳಿ, ಕಡಿದರೆ ಕಾಲು ಕಟ್ಟದೆ, ಕೊಯ್ಯದೆ ನೇರವಾಗಿ ತಾಲೂಕು ಆಸ್ಪತ್ರೆಗೆ ಹೋಗಿ, ಗುರುವಾರ ಮಾತ್ರ ಮೊಮ್ಮಗುವನ್ನು ಎತ್ತಿಕೊಂಡು ಧೈರ್ಯವಾಗಿ ಇಲ್ಲಿಗೆ ಬನ್ನಿ.